ಸ್ಟೀರಾಯ್ಡ್‌ನಿಂದ ಬಂದ ಮೈ, ಬಿಟ್ಟ ಮೇಲೂ ಉಳಿಯುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಜಿಮ್‌ಗೆ ಹೋಗುವ ಹುಡುಗರು, ಅವರ ತಂದೆತಾಯಿ, ಒಂದಿಬ್ಬರು ವ್ಯಾಯಾಮ ಶಿಕ್ಷಕರು ಮಾತಿನಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನೇ ಆದಷ್ಟೂ ಇಟ್ಟುಕೊಂಡಿದ್ದೇನೆ. ಯಾವ ಔಷಧವನ್ನು ಎಷ್ಟು ತೆಗೆದುಕೊಳ್ಳಬೇಕು ಎಂದು ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ.

## ಮೊದಲು ತಿಳಿಯಬೇಕಾದದ್ದು

ಒಂದೇ ಮಾತಿನಲ್ಲಿ ಹೇಳಿ: ಬಿಟ್ಟರೆ ಬಂದ ಮೈಯೆಲ್ಲ ಇಳಿದುಹೋಗುತ್ತದೆಯೇ?

ಎಲ್ಲವೂ ಇಳಿಯುವುದಿಲ್ಲ, ಎಲ್ಲವೂ ಉಳಿಯುವುದೂ ಇಲ್ಲ. ಮೊದಲ ವಾರಗಳಲ್ಲಿ ನೀರು ಇಳಿಯುತ್ತದೆ. ಆಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಸ್ನಾಯು ಕರಗುತ್ತದೆ. ಕೊನೆಗೆ ನಿಮ್ಮ ಸ್ವಂತ ಹಾರ್ಮೋನು, ಊಟ ಮತ್ತು ಕಸರತ್ತು ಸೇರಿ ಎಷ್ಟನ್ನು ಸಾಕಬಲ್ಲವೋ ಅಷ್ಟಕ್ಕೆ ಬಂದು ನಿಲ್ಲುತ್ತದೆ. ವರ್ಷಗಟ್ಟಲೆ ದುಡಿದು ತನ್ನ ಸಹಜ ಮಿತಿ ಮುಟ್ಟಿ, ಅದರ ಮೇಲೆ ಔಷಧ ತೆಗೆದುಕೊಂಡವನು ಮಿತಿ ದಾಟಿದ ಭಾಗವನ್ನು ಹೆಚ್ಚುಕಡಿಮೆ ಕಳೆದುಕೊಳ್ಳುತ್ತಾನೆ. ಜಿಮ್ ಸೇರಿದ ಆರನೇ ತಿಂಗಳಿಗೇ ಔಷಧ ಹಿಡಿದ ಹುಡುಗ ಸಾಕಷ್ಟು ಉಳಿಸಿಕೊಂಡಂತೆ ಕಾಣುತ್ತಾನೆ. ಆದರೆ ಅವನಿಗೆ ಉಳಿದದ್ದು, ತುಸು ಕಾದಿದ್ದರೆ ಬರೀ ಕಸರತ್ತಿನಿಂದಲೇ ಬರುತ್ತಿದ್ದ ಮೈ. ಒಂದೇ ಮಾತು ಕೇಳಿದಿರಿ, ಏಳೆಂಟಾಯಿತು.

ನಮ್ಮ ತಾಯಿಗೆ ಉಬ್ಬಸಕ್ಕೆ ಡಾಕ್ಟರು ಸ್ಟೀರಾಯ್ಡ್ ಬರೆದಿದ್ದಾರೆ. ಅದೂ ಇದೂ ಒಂದೆಯೇ?

ಅಲ್ಲ. ಉಬ್ಬಸ, ಅಲರ್ಜಿ, ಕೀಲುನೋವಿಗೆ ಕೊಡುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಮುಂತಾದವು ಕಾರ್ಟಿಕೋಸ್ಟೀರಾಯ್ಡ್‌ಗಳು. ಹೆಚ್ಚು ಪ್ರಮಾಣದಲ್ಲಿ ದೀರ್ಘಕಾಲ ನುಂಗಿದರೆ ಅವು ಸ್ನಾಯುವನ್ನು ಸವೆಸುತ್ತವೆ. ಜಿಮ್‌ನವರು ಹೇಳುವುದು ಅನಬಾಲಿಕ್ ಸ್ಟೀರಾಯ್ಡ್‌ಗಳನ್ನು, ಅಂದರೆ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಮತ್ತು ಅದನ್ನು ಹೋಲುವಂತೆ ತಯಾರಿಸಿದ ನ್ಯಾಂಡ್ರೊಲೋನ್, ಸ್ಟಾನೊಜೊಲಾಲ್, ಮೆಥಾಂಡಿಯೆನೋನ್ ಇತ್ಯಾದಿಗಳನ್ನು. ಹೆಸರಿಗೆ ಹೆದರಿ ತಾಯಿಯವರ ಇನ್‌ಹೇಲರ್ ನಿಲ್ಲಿಸಬೇಡಿ.

ದಪ್ಪವಾಗುವ ಮಾತ್ರೆ ತಿಂದೆ, ಒಂದೇ ತಿಂಗಳಲ್ಲಿ ಕೆನ್ನೆ ತುಂಬಿತು. ಬಿಟ್ಟ ಮೇಲೆ ಮೊದಲಿಗಿಂತ ಸೊರಗಿದೆ. ಏಕೆ?

ಹೆಸರಿಲ್ಲದ ಡಬ್ಬಿಗಳಲ್ಲಿ ಮಾರುವ ಇಂಥ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಸಿಗುವ ಜೋಡಿ ಸೈಪ್ರೊಹೆಪ್ಟಡಿನ್ ಮತ್ತು ಡೆಕ್ಸಾಮೆಥಾಸೋನ್. ಮೊದಲನೆಯದು ಹಸಿವು ಕೆರಳಿಸುವ ಅಲರ್ಜಿ ಔಷಧ, ಎರಡನೆಯದು ಮೇಲೆ ಹೇಳಿದ ಕಾರ್ಟಿಕೋಸ್ಟೀರಾಯ್ಡ್. ತುಂಬಿದ ಕೆನ್ನೆಯಲ್ಲಿ ಇದ್ದದ್ದು ಕೊಬ್ಬು ಮತ್ತು ನೀರು, ಸ್ನಾಯು ಅಲ್ಲವೇ ಅಲ್ಲ. ಇದನ್ನು ತಿಂಗಳುಗಟ್ಟಲೆ ತಿಂದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ: ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಆ ಹೊತ್ತಿಗೆ ಕೆಲಸ ಮರೆತಿರುತ್ತದೆ. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಡಬ್ಬಿಯನ್ನು ತೆಗೆದುಕೊಂಡು ವೈದ್ಯರ ಬಳಿ ಹೋಗಿ.

ಜಿಮ್‌ನಲ್ಲಿ ಕೆಲವರು ಕಸರತ್ತಿಗೆ ಮುಂಚೆ ಮೆಫೆಂಟರ್ಮಿನ್ ಚುಚ್ಚಿಕೊಳ್ಳುತ್ತಾರೆ. ಅದೂ ಸ್ಟೀರಾಯ್ಡೇ?

ಅಲ್ಲ. ಶಸ್ತ್ರಚಿಕಿತ್ಸೆಯ ವೇಳೆ ಕುಸಿದ ರಕ್ತದೊತ್ತಡವನ್ನು ಏರಿಸಲು ಇಟ್ಟಿರುವ ಉತ್ತೇಜಕ ಅದು. ಒಂದು ಗ್ರಾಂ ಸ್ನಾಯುವನ್ನೂ ಕಟ್ಟುವುದಿಲ್ಲ. ಚಟವನ್ನು ಮಾತ್ರ ಕಟ್ಟುತ್ತದೆ.

ಮೆಡಿಕಲ್ ಶಾಪಿನಲ್ಲೇ ಸಿಗುತ್ತದಲ್ಲ. ಹಾಗಾದರೆ ಕಾನೂನಿನ ತೊಂದರೆ ಇಲ್ಲ, ಅಲ್ಲವೇ?

ಅನಬಾಲಿಕ್ ಸ್ಟೀರಾಯ್ಡ್‌ಗಳು ನಮ್ಮಲ್ಲಿ ಶೆಡ್ಯೂಲ್ ಎಚ್ ಪಟ್ಟಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಚೀಟಿ ಕೇಳದ ಅಂಗಡಿ ಇದೆ ಎಂದ ಮಾತ್ರಕ್ಕೆ ನಿಯಮ ಇಲ್ಲವೆಂದಾಗುವುದಿಲ್ಲ. ಇನ್ನು ಬ್ಯಾಗಿನಲ್ಲಿಟ್ಟುಕೊಂಡು ಜಿಮ್‌ನಲ್ಲೇ ಮಾರುವವರ ಸೀಸೆಯಲ್ಲಿ ಏನಿದೆ ಎಂಬುದು ಮಾರುವವರಿಗೂ ತಿಳಿದಿರುವುದಿಲ್ಲ.

ಸ್ಟೀರಾಯ್ಡ್ ತೆಗೆದುಕೊಂಡರೆ ಕಸರತ್ತು ಮಾಡದೆಯೂ ಮೈ ಬರುತ್ತದೆ ಎನ್ನುತ್ತಾರೆ. ನಿಜವೇ?

ನಿಜ. ಈ ಸತ್ಯವನ್ನು ಮುಚ್ಚಿಟ್ಟು ಬುದ್ಧಿ ಹೇಳಿದರೆ ಹುಡುಗರು ಮಿಕ್ಕ ಮಾತನ್ನೂ ನಂಬುವುದಿಲ್ಲ. 1996ರಲ್ಲಿ ಶಲೇಂದರ್ ಭಾಸಿನ್ ಮತ್ತು ಸಂಗಡಿಗರು ಅಮೆರಿಕದಲ್ಲಿ 43 ಗಂಡಸರ ಮೇಲೆ ನಡೆಸಿದ ಪ್ರಯೋಗ ಇದನ್ನು ಅಳೆದು ತೋರಿಸಿತು. ಟೆಸ್ಟೋಸ್ಟೆರಾನ್ ಕೊರತೆಗೆ ವೈದ್ಯರು ಕೊಡುವುದರ ಸುಮಾರು ಆರು ಪಟ್ಟು ಪ್ರಮಾಣವನ್ನು 10 ವಾರ ಕೊಟ್ಟರು. ಔಷಧ ಪಡೆದೂ ಕಸರತ್ತು ಮಾಡದವರಲ್ಲಿ ಕೊಬ್ಬಲ್ಲದ ತೂಕ ಸರಾಸರಿ 3.2 ಕಿಲೊ ಏರಿತು. ಔಷಧವಿಲ್ಲದೆ ಕಸರತ್ತು ಮಾಡಿದವರಲ್ಲಿ 1.9 ಕಿಲೊ. ಎರಡೂ ಸೇರಿದವರಲ್ಲಿ 6.1 ಕಿಲೊ.

ಈ ಮೂರು ಅಂಕಿಗಳನ್ನು ತಿರುಗಿಸಿ ಓದಿದರೆ, ಬಿಟ್ಟ ಮೇಲೆ ಮೈ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರದ ಸುಳಿವೂ ಇದೆ. ಔಷಧ ನಿಂತ ಮೇಲೂ ಅದೇ ಕಸರತ್ತು ಮುಂದುವರಿಸಬಹುದು, ಆದರೆ ಕಸರತ್ತಿನ ಪಾಲು ಒಟ್ಟು ಗಳಿಕೆಯಲ್ಲಿ ಚಿಕ್ಕದು. ದೊಡ್ಡ ಪಾಲನ್ನು ಹಿಡಿದು ನಿಲ್ಲಿಸಿದ್ದು ಔಷಧ. ಅದು ಹೋದ ಮೇಲೆ ಅಷ್ಟೂ ಮೈ ನಿಲ್ಲಲು ಕಾರಣವೇ ಇಲ್ಲ.

## ಬಿಟ್ಟ ಮೇಲಿನ ತಿಂಗಳುಗಳು

ಬಿಟ್ಟು ಮೂರು ವಾರವಾಗಿಲ್ಲ, ನಾಲ್ಕು ಕಿಲೊ ಹೋಯಿತು. ಅಷ್ಟೂ ಸ್ನಾಯುವೇ?

ಮೂರು ವಾರದಲ್ಲಿ ನಾಲ್ಕು ಕಿಲೊ ಹೋದರೆ ಅದರಲ್ಲಿ ಬಹುಪಾಲು ನೀರು. ಟೆಸ್ಟೋಸ್ಟೆರಾನ್‌ನ ಒಂದು ಭಾಗ ದೇಹದಲ್ಲಿ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನಾಗಿ ಬದಲಾಗುತ್ತದೆ. ಮೆಥಾಂಡಿಯೆನೋನ್‌ನಂಥ ಮಾತ್ರೆಗಳಲ್ಲೂ ಇದೇ ಕಥೆ. ಉಪ್ಪು ಮತ್ತು ನೀರು ಮೈಯಲ್ಲಿ ನಿಲ್ಲುತ್ತವೆ, ಮುಖ ಊದುತ್ತದೆ. ಇದಲ್ಲದೆ ಸ್ನಾಯುವಿನೊಳಗೆ ಸಕ್ಕರೆಯ ದಾಸ್ತಾನಾದ ಗ್ಲೈಕೊಜೆನ್ ಹೆಚ್ಚು ಶೇಖರವಾಗುತ್ತದೆ. ಒಂದು ಗ್ರಾಂ ಗ್ಲೈಕೊಜೆನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಡುತ್ತದೆ. ಕನ್ನಡಿಯ ಮುಂದೆ ತೋಳು ತುಂಬಿ ಕಾಣುತ್ತಿದ್ದುದರಲ್ಲಿ ಇವೆರಡರ ಕೈವಾಡ ದೊಡ್ಡದು. ಇದು ಇಳಿದದ್ದಕ್ಕೆ ಗಾಬರಿಯಾಗಿ ಮತ್ತೆ ಚುಚ್ಚಿಕೊಳ್ಳುವವರೇ ಹೆಚ್ಚು. ನೀರನ್ನು ಕಳೆದುಕೊಂಡ ದುಃಖಕ್ಕೆ ಇನ್ನೊಂದು ಕೋರ್ಸ್!

ನಾನು ಇಂಜೆಕ್ಷನ್ ನಿಲ್ಲಿಸಿ ತಿಂಗಳಾಯಿತು. ಎತ್ತುವ ತೂಕ ಕಡಿಮೆಯಾಗಿಲ್ಲ. ನನಗೆ ಉಳಿದುಬಿಟ್ಟಿತೇ?

ತೀರ್ಮಾನಕ್ಕೆ ಇನ್ನೂ ಕಾಲವಾಗಿಲ್ಲ. ಎಣ್ಣೆಯಲ್ಲಿ ಕರಗಿಸಿ ಚುಚ್ಚುವ ಔಷಧಗಳು ಮಾಂಸಖಂಡದಿಂದ ನಿಧಾನವಾಗಿ ರಕ್ತಕ್ಕೆ ಸೇರುತ್ತವೆ. ನೀವು ನಿಲ್ಲಿಸಿದ ದಿನವೇ ದೇಹದಲ್ಲಿ ಅದು ನಿಂತಿರುವುದಿಲ್ಲ. ನ್ಯಾಂಡ್ರೊಲೋನ್ ಡೆಕನೋಯೇಟ್‌ನ ಕುರುಹು ಕೆಲವರ ಮೂತ್ರದಲ್ಲಿ ಒಂದು ವರ್ಷ ದಾಟಿಯೂ ಸಿಗುತ್ತದೆ. ಕುರುಹು ಸಿಕ್ಕರೆ ಪರಿಣಾಮವೂ ಇದೆ ಎಂದಲ್ಲ, ಆದರೆ ಮೊದಲ ವಾರಗಳು ನಿಜವಾದ ಪರೀಕ್ಷೆಯಲ್ಲ. ಇನ್ನೊಂದು ವಿಷಯ: ಎತ್ತುವ ತೂಕದಲ್ಲಿ ನರಗಳ ಕಲಿಕೆಯೂ ಸೇರಿದೆ. ಆ ಕೌಶಲ ಸ್ನಾಯುವಿನಷ್ಟು ಬೇಗ ಹೋಗುವುದಿಲ್ಲ, ಹಾಗಾಗಿ ತೋಳಿನ ಸುತ್ತಳತೆ ಇಳಿದರೂ ಬಲ ಕೆಲಕಾಲ ನಿಂತಂತೆ ಕಾಣುತ್ತದೆ. ಆರು ತಿಂಗಳು ಕಳೆಯಲಿ, ಆಮೇಲೆ ಲೆಕ್ಕ ಹಾಕಿ.

ಹೊರಗಿನದು ನಿಂತರೆ ದೇಹ ತಾನೇ ಮತ್ತೆ ಟೆಸ್ಟೋಸ್ಟೆರಾನ್ ತಯಾರಿಸುವುದಿಲ್ಲವೇ?

ತಯಾರಿಸುತ್ತದೆ, ಆದರೆ ತಕ್ಷಣವಲ್ಲ, ಎಲ್ಲರಲ್ಲಿಯೂ ಪೂರ್ತಿಯಾಗಿ ಅಲ್ಲ. ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳ ಮೂಲಕ ವೃಷಣಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿನ ಫ್ಲೋಟ್ ಸ್ವಿಚ್ ನೆನಪಿಸಿಕೊಳ್ಳಿ: ಟ್ಯಾಂಕರ್ ನೀರು ತರಿಸಿ ಸದಾ ತುಂಬಿಸಿಟ್ಟರೆ ಮನೆಯ ಮೋಟಾರು ಚಾಲೂ ಆಗುವುದೇ ಇಲ್ಲ, ತಿಂಗಳುಗಟ್ಟಲೆ ನಿಂತ ಮೋಟಾರು ಗುಂಡಿ ಒತ್ತಿದೊಡನೆ ತಿರುಗುವುದೂ ಇಲ್ಲ. ಔಷಧ ತೆಗೆದುಕೊಳ್ಳುತ್ತಿದ್ದಾಗ ಎಲ್‌ಎಚ್, ಎಫ್‌ಎಸ್‌ಎಚ್ ಬಹುತೇಕ ಶೂನ್ಯಕ್ಕಿಳಿದಿರುತ್ತವೆ, ವೃಷಣಗಳು ಕುಗ್ಗಿರುತ್ತವೆ, ವೀರ್ಯಾಣುಗಳ ಸಂಖ್ಯೆ ಬಿದ್ದಿರುತ್ತದೆ.

ಬಹಳಷ್ಟು ಜನರಲ್ಲಿ ಇದು ಕೆಲವು ತಿಂಗಳಿಂದ ಒಂದು ವರ್ಷದೊಳಗೆ ಸರಿಹೋಗುತ್ತದೆ. ಎಲ್ಲರಿಗೂ ಆ ಅದೃಷ್ಟವಿಲ್ಲ. 2016ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಅಧ್ಯಯನವೊಂದರಲ್ಲಿ, ಬಿಟ್ಟು ಸರಾಸರಿ ಎರಡು ವರ್ಷಕ್ಕೂ ಹೆಚ್ಚು ಆಗಿದ್ದವರಲ್ಲಿ ಟೆಸ್ಟೋಸ್ಟೆರಾನ್ ಮಟ್ಟ ಎಂದೂ ತೆಗೆದುಕೊಳ್ಳದವರಿಗಿಂತ ಕಡಿಮೆ ಇತ್ತು. ದಣಿವು, ಲೈಂಗಿಕ ನಿರಾಸಕ್ತಿಯಂಥ ದೂರುಗಳೂ ಇದ್ದವು.

ಸ್ನಾಯು ಏಕೆ ಇಳಿಯುತ್ತದೆ ಎಂಬುದರ ತಿರುಳು ಈ ಅಂತರದಲ್ಲೇ ಇದೆ. ಹೊರಗಿನ ಹಾರ್ಮೋನು ಹೋಗಿದೆ, ಒಳಗಿನದು ಬಂದಿಲ್ಲ. ಆ ತಿಂಗಳುಗಳಲ್ಲಿ ನೀವು ಔಷಧ ಮುಟ್ಟುವ ಮೊದಲು ಇದ್ದ ಸ್ಥಿತಿಗಿಂತಲೂ ಕೆಳಗಿರುತ್ತೀರಿ.

ಕೋರ್ಸ್ ಮುಗಿದ ಮೇಲೆ ಪಿಸಿಟಿ ಮಾಡಿದರೆ ಎಲ್ಲವೂ ಉಳಿಯುತ್ತದೆ ಎಂದು ನಮ್ಮ ಟ್ರೇನರ್ ಹೇಳುತ್ತಾರೆ.

ಪಿಸಿಟಿ ಎಂದು ಅವರು ಕರೆಯುವುದು ಕ್ಲೊಮಿಫೀನ್, ಟಾಮಾಕ್ಸಿಫೆನ್, ಎಚ್‌ಸಿಜಿ ಮುಂತಾದ ಔಷಧಗಳ ಬಳಕೆಯನ್ನು. ಪಿಟ್ಯುಟರಿಯನ್ನೋ ವೃಷಣವನ್ನೋ ಬೇಗ ಎಬ್ಬಿಸುವುದು ಅವುಗಳ ಉದ್ದೇಶ. ಹಾರ್ಮೋನು ಮರಳದೆ ನರಳುತ್ತಿರುವವರಿಗೆ ತಜ್ಞರು ಇವನ್ನು ಕೆಲವೊಮ್ಮೆ ಕೊಡುತ್ತಾರೆ, ಆದರೆ ಜಿಮ್‌ನಲ್ಲಿ ಹಂಚುವ ಪಟ್ಟಿಗಳಿಗೆ ಗಟ್ಟಿಯಾದ ಪ್ರಯೋಗಗಳ ಬೆಂಬಲವಿಲ್ಲ. ಎಲ್ಲವೂ ಸರಿಹೋಯಿತು ಎಂದೇ ಇಟ್ಟುಕೊಳ್ಳಿ: ಆಗ ನಿಮ್ಮ ಟೆಸ್ಟೋಸ್ಟೆರಾನ್ ಒಬ್ಬ ಸಹಜ ಗಂಡಸಿನ ಮಟ್ಟಕ್ಕೆ ಬರುತ್ತದೆ. ಸಹಜ ಮಟ್ಟದ ಹಾರ್ಮೋನು ಅಸಹಜ ಗಾತ್ರದ ಮೈಯನ್ನು ಹೇಗೆ ಸಾಕೀತು? ಈ ಪ್ರಶ್ನೆಯನ್ನು ನಿಮ್ಮ ಟ್ರೇನರಿಗೆ ಕೇಳಿ ನೋಡಿ. ಆ ಮಾತ್ರೆಗಳನ್ನೂ ಅವರೇ ಮಾರುತ್ತಾರೆಯೇ ಎಂಬುದನ್ನೂ ಕೇಳಿ.

ಆದದ್ದಾಯಿತು. ಇರುವಷ್ಟನ್ನಾದರೂ ಉಳಿಸಿಕೊಳ್ಳುವುದು ಹೇಗೆ?

ಕಸರತ್ತು ಬಿಡಬೇಡಿ, ಆದರೆ ಹಳೆಯ ಪ್ರಮಾಣಕ್ಕೆ ಅಂಟಿಕೊಳ್ಳಬೇಡಿ. ಔಷಧದ ಬಲದಲ್ಲಿ ವಾರಕ್ಕೆ ಆರು ದಿನ, ದಿನಕ್ಕೆ ಎರಡು ಗಂಟೆ ಎತ್ತುತ್ತಿದ್ದವನ ದೇಹ ಈಗ ಅಷ್ಟು ಬೇಗ ಚೇತರಿಸಿಕೊಳ್ಳುವುದಿಲ್ಲ. ಒಳ್ಳೆಯ ಸುದ್ದಿಯೆಂದರೆ ಕಟ್ಟಲು ಬೇಕಾದಷ್ಟು ಶ್ರಮ ಕಾಯಲು ಬೇಡ. 2011ರ ಒಂದು ಪ್ರಯೋಗದಲ್ಲಿ, ಔಷಧ ಮುಟ್ಟದ ಯುವಕ ಯುವತಿಯರು ಕಟ್ಟಿದ ಸ್ನಾಯುವನ್ನು ಮೊದಲಿನ ಒಂಬತ್ತನೇ ಒಂದು ಪಾಲು ಕಸರತ್ತಿನಲ್ಲೇ 32 ವಾರ ಉಳಿಸಿಕೊಂಡರು. ನಿಮ್ಮ ಸ್ಥಿತಿ ಅವರದಲ್ಲ, ಆದರೂ ದಿಕ್ಕು ಅದೇ: ಭಾರ ತಕ್ಕಮಟ್ಟಿಗೆ ಹೆಚ್ಚಿರಲಿ, ಸುತ್ತುಗಳು (ಸೆಟ್) ಕಡಿಮೆಯಾಗಲಿ.

ಇದೇ ಹೊತ್ತಿನಲ್ಲಿ ಹೊಟ್ಟೆ ಕರಗಿಸಲು ಉಪವಾಸಕ್ಕೆ ಇಳಿಯುವುದು ದೊಡ್ಡ ತಪ್ಪು. ಹೊಟ್ಟೆ ತುಂಬ ಉಣ್ಣಿ. ದೇಹತೂಕದ ಪ್ರತಿ ಕಿಲೊಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. ಅದಕ್ಕಿಂತ ಹೆಚ್ಚು ತಿಂದರೆ ಸ್ನಾಯುವಿಗೆ ಸಿಗುವ ಲಾಭ ಅತ್ಯಲ್ಪ. ಮೊಟ್ಟೆ, ಹಾಲು, ಮೊಸರು, ಮೀನು, ಹುರುಳಿ, ಕಡಲೆ, ಸೋಯಾ ಯಾವುದಾದರೂ ಸರಿ. ಮುದ್ದೆಯ ಜೊತೆ ನೀರಾದ ಸಾರನ್ನಷ್ಟೇ ಉಂಡು ಪ್ರೋಟೀನ್ ಲೆಕ್ಕ ಹಾಕಬೇಡಿ. ಬೆಳಗಿನ ಟೆಸ್ಟೋಸ್ಟೆರಾನ್, ಎಲ್‌ಎಚ್, ಎಫ್‌ಎಸ್‌ಎಚ್, ಕೊಲೆಸ್ಟರಾಲ್, ಯಕೃತ್ತಿನ ಪರೀಕ್ಷೆ, ರಕ್ತದಲ್ಲಿ ಕೆಂಪುಕಣಗಳ ಪಾಲನ್ನು ಹೇಳುವ ಹೆಮಟೊಕ್ರಿಟ್ ಮಾಡಿಸಿ ಹಾರ್ಮೋನು (ಎಂಡೊಕ್ರೈನ್) ತಜ್ಞರಿಗೆ ತೋರಿಸಿ. ಅವರ ಬಳಿ ಸುಳ್ಳು ಹೇಳಬೇಡಿ. ಔಷಧದ ವಿಷಯ ಮುಚ್ಚಿಟ್ಟರೆ ನಿಮ್ಮ ಎಲ್‌ಎಚ್ ನೋಡಿ ಅವರು ಪಿಟ್ಯುಟರಿಯಲ್ಲಿ ಗಡ್ಡೆಯೇನೋ ಎಂದು ಹುಡುಕಬೇಕಾಗುತ್ತದೆ.

ಬಿಟ್ಟ ಮೇಲೆ ಯಾವುದರಲ್ಲೂ ಮನಸ್ಸಿಲ್ಲ. ಕನ್ನಡಿ ನೋಡಲು ಬೇಸರ. ಇದು ನನ್ನ ದೌರ್ಬಲ್ಯವೇ?

ಅಲ್ಲ. ಟೆಸ್ಟೋಸ್ಟೆರಾನ್ ನೆಲಕಚ್ಚಿದಾಗ ಖಿನ್ನತೆ ಬರುವುದು ಚೆನ್ನಾಗಿ ದಾಖಲಾಗಿರುವ ಸಂಗತಿ. ಮೈ ಕುಗ್ಗುವುದನ್ನು ದಿನವೂ ನೋಡುವ ಸಂಕಟ ಅದಕ್ಕೆ ಸೇರಿಕೊಳ್ಳುತ್ತದೆ. ಬಳಸುವವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು ಅವಲಂಬನೆಗೆ ಬೀಳುತ್ತಾರೆ ಎಂಬುದು ಈ ಕ್ಷೇತ್ರದ ಸಂಶೋಧಕರ ಅಂದಾಜು. ಎಷ್ಟೋ ಜನ ಮತ್ತೆ ಶುರುಮಾಡುವುದು ಸ್ನಾಯುವಿನ ಆಸೆಗಿಂತ ಹೆಚ್ಚಾಗಿ ಈ ಕತ್ತಲೆಯಿಂದ ತಪ್ಪಿಸಿಕೊಳ್ಳಲು. ಬದುಕೇ ಬೇಡ ಎಂಬ ಯೋಚನೆ ಸುಳಿದರೆ ಆ ದಿನವೇ ಯಾರಿಗಾದರೂ ಹೇಳಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

## ಇನ್ನೂ ಆಳಕ್ಕೆ ಇಳಿದವರ ಪ್ರಶ್ನೆಗಳು

ಒಮ್ಮೆ ಬೆಳೆದ ಸ್ನಾಯುವಿಗೆ ನೆನಪಿರುತ್ತದೆ, ಮತ್ತೆ ಬೇಗ ಬರುತ್ತದೆ ಎನ್ನುತ್ತಾರೆ. ಸ್ಟೀರಾಯ್ಡ್‌ನಿಂದ ಬಂದದ್ದಕ್ಕೂ ಹಾಗೆಯೇ?

ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಕುತೂಹಲದ್ದು ಇದೇ. ದೇಹದ ಬಹುತೇಕ ಕೋಶಗಳಲ್ಲಿ ಒಂದೇ ಕೋಶಕೇಂದ್ರ (ನ್ಯೂಕ್ಲಿಯಸ್) ಇದ್ದರೆ, ಸ್ನಾಯುವಿನ ಎಳೆಯಲ್ಲಿ ನೂರಾರು ಇರುತ್ತವೆ. ಎಳೆ ದಪ್ಪವಾಗುವಾಗ ಪಕ್ಕದಲ್ಲಿ ಸುಪ್ತವಾಗಿರುವ ಉಪಗ್ರಹ ಕೋಶಗಳು ಎಚ್ಚೆತ್ತು ಅದರೊಳಗೆ ಸೇರಿ ಹೊಸ ಕೇಂದ್ರಗಳನ್ನು ಕೊಡುತ್ತವೆ. ಟೆಸ್ಟೋಸ್ಟೆರಾನ್ ಈ ಕೆಲಸವನ್ನು ಜೋರಾಗಿ ಮಾಡಿಸುತ್ತದೆ.

ನಾರ್ವೆಯ ಓಸ್ಲೊ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿಯಾನ್ ಗುಂಡರ್‌ಸನ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳಿಗೆ ಎರಡು ವಾರ ಟೆಸ್ಟೋಸ್ಟೆರಾನ್ ಕೊಟ್ಟರು. ಸ್ನಾಯುವಿನ ಎಳೆಗಳು ಶೇ 77ರಷ್ಟು ದಪ್ಪವಾದವು, ಕೋಶಕೇಂದ್ರಗಳು ಶೇ 66ರಷ್ಟು ಹೆಚ್ಚಿದವು. ಔಷಧ ತೆಗೆದ ಮೂರು ವಾರದಲ್ಲಿ ಎಳೆಗಳು ಹಳೆಯ ಗಾತ್ರಕ್ಕೆ ಮರಳಿದವು. ಕೇಂದ್ರಗಳು ಮಾತ್ರ ಮೂರು ತಿಂಗಳಾದರೂ ಅಲ್ಲೇ ಇದ್ದವು. ಇಲಿಯ ಆಯುಷ್ಯದಲ್ಲಿ ಮೂರು ತಿಂಗಳೆಂದರೆ ಹತ್ತನೇ ಒಂದಕ್ಕಿಂತ ಹೆಚ್ಚು. ಆಗ ಆ ಸ್ನಾಯುವಿನ ಮೇಲೆ ಭಾರ ಹೊರಿಸಿದಾಗ ಆರೇ ದಿನದಲ್ಲಿ ಶೇ 31ರಷ್ಟು ಬೆಳೆಯಿತು. ಔಷಧ ಎಂದೂ ಕಾಣದ ಇಲಿಗಳಲ್ಲಿ ಹೇಳಿಕೊಳ್ಳುವಂಥ ಬೆಳವಣಿಗೆ ಇರಲಿಲ್ಲ. ಅಂದರೆ ಗಾತ್ರ ಹೋಯಿತು, ಬೆಳೆಯುವ ಸಾಮರ್ಥ್ಯ ನಿಂತಿತು.

ಮನುಷ್ಯರಲ್ಲಿ? 2023ರಲ್ಲಿ ಡೆನ್ಮಾರ್ಕ್‌ನಿಂದ ಬಂದ ಅಧ್ಯಯನ, ಬಿಟ್ಟು ವರ್ಷಗಳಾದವರ ಸ್ನಾಯುವಿನಲ್ಲೂ ಕೇಂದ್ರಗಳ ಸಾಂದ್ರತೆ ಹೆಚ್ಚಿರುವುದನ್ನು ತೋರಿಸಿತು. ಆದರೂ ಕೇಂದ್ರಗಳು ಶಾಶ್ವತ ಎಂಬುದರಲ್ಲಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ. ಜಿಮ್‌ನ ಹುಡುಗರು ಗಮನಿಸದ ಇನ್ನೊಂದು ಮಾತಿದೆ: ಕಸರತ್ತಿನಿಂದ ಬೆಳೆದ ಸ್ನಾಯುವಿನಲ್ಲೂ ನೆನಪಿನ ಕುರುಹುಗಳು ಸಿಕ್ಕಿವೆ, ಅದಕ್ಕೆ ಸೂಜಿ ಬೇಕಿಲ್ಲ. ಮತ್ತೆ ಬೇಗ ಬರುವುದು ಬೇರೆ, ಈಗ ಉಳಿದಿರುವುದು ಬೇರೆ. ಎರಡನ್ನೂ ಒಂದೇ ಎಂದು ಹೇಳಿ ಮಾರುವವರಿದ್ದಾರೆ.

ಹಾಗಾದರೆ ಸಿಕ್ಕಿಬಿದ್ದ ಕ್ರೀಡಾಪಟು ನಿಷೇಧ ಮುಗಿಸಿ ಬಂದರೂ ಅವನಿಗೆ ಲಾಭ ಇದ್ದೇ ಇರುತ್ತದೆಯೇ?

ಓಸ್ಲೊದ ಇಲಿಗಳು ಎಬ್ಬಿಸಿದ ಜಗಳವೇ ಇದು. 2015ರಿಂದ ಜಾರಿಯಾದ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಯಮದಲ್ಲಿ ಉದ್ದೇಶಪೂರ್ವಕ ಬಳಕೆಗೆ ಮೊದಲ ಬಾರಿಗೇ ನಾಲ್ಕು ವರ್ಷ ನಿಷೇಧ. ಅದಕ್ಕೆ ಮುಂಚೆ ಎರಡು ವರ್ಷ ಇತ್ತು. ವ್ಯಕ್ತಿಗಳ ಉದಾಹರಣೆ ತೆಗೆದುಕೊಂಡರೆ ಎರಡೂ ಕಡೆಗೆ ವಾದಿಸಬಹುದು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 100 ಮೀಟರನ್ನು 9.79 ಸೆಕೆಂಡಿನಲ್ಲಿ ಓಡಿ, ಸ್ಟಾನೊಜೊಲಾಲ್ ಪತ್ತೆಯಾಗಿ ಚಿನ್ನ ಕಳೆದುಕೊಂಡ ಬೆನ್ ಜಾನ್ಸನ್, ನಿಷೇಧ ಮುಗಿಸಿ ಬಂದು 1992ರ ಬಾರ್ಸಿಲೋನಾದಲ್ಲಿ ಫೈನಲ್ ತಲುಪಲಿಲ್ಲ. 2006ರಲ್ಲಿ ಟೆಸ್ಟೋಸ್ಟೆರಾನ್ ಪತ್ತೆಯಾಗಿ ನಾಲ್ಕು ವರ್ಷ ಹೊರಗಿದ್ದ ಜಸ್ಟಿನ್ ಗ್ಯಾಟ್ಲಿನ್, 2015ರಲ್ಲಿ 33ನೇ ವಯಸ್ಸಿನಲ್ಲಿ ಅದೇ ದೂರವನ್ನು 9.74 ಸೆಕೆಂಡಿನಲ್ಲಿ ಓಡಿ, 2017ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉಸೇನ್ ಬೋಲ್ಟ್‌ರನ್ನು ಸೋಲಿಸಿದರು. ತಾನು ತಿಳಿದು ತೆಗೆದುಕೊಂಡಿಲ್ಲ ಎಂಬುದು ಗ್ಯಾಟ್ಲಿನ್ ವಾದ. ಒಬ್ಬೊಬ್ಬರ ಓಟದಿಂದ ಜೀವವಿಜ್ಞಾನವನ್ನು ಸಾಬೀತು ಮಾಡಲಾಗದು. ನನ್ನ ಮಟ್ಟಿಗೆ, ಸ್ವಲ್ಪ ಲಾಭ ಉಳಿದಿರುವ ಸಾಧ್ಯತೆಯೇ ಹೆಚ್ಚು.

ಸ್ನಾಯು ಹೋಗಲಿ. ಬಿಟ್ಟ ಮೇಲೂ ಹೋಗದೆ ಉಳಿಯುವುದು ಏನೇನು?

ಎದೆಯಲ್ಲಿ ಮೊಲೆಯಂತೆ ಬೆಳೆದ ಗ್ರಂಥಿ ಮೊದಲ ತಿಂಗಳುಗಳಲ್ಲಿ ಕರಗದಿದ್ದರೆ ಗಟ್ಟಿಯಾಗಿ ನಿಲ್ಲುತ್ತದೆ, ಆಮೇಲೆ ಶಸ್ತ್ರಚಿಕಿತ್ಸೆಯೇ ದಾರಿ. ಬೆಳೆಯುವ ವಯಸ್ಸಿನ ಹುಡುಗರಲ್ಲಿ ಎಲುಬಿನ ತುದಿಯ ಬೆಳವಣಿಗೆ ಫಲಕಗಳು ಅವಧಿಗೆ ಮುಂಚೆ ಮುಚ್ಚಿಹೋಗಿ ಎತ್ತರ ಅಲ್ಲಿಗೇ ನಿಲ್ಲುತ್ತದೆ. ಪಿಯುಸಿ ಓದುವ ಹುಡುಗನಿಗೆ ಇದನ್ನು ಚುಚ್ಚುವವರ ಬಗ್ಗೆ ಮೆತ್ತಗೆ ಬರೆಯಲು ನನಗೆ ಬರುವುದಿಲ್ಲ.

ಹೃದಯದ ವಿಷಯದಲ್ಲಿ ಚಿತ್ರ ಮಿಶ್ರವಾಗಿದೆ. 2017ರಲ್ಲಿ ಅಮೆರಿಕದ ಸಂಶೋಧಕರು ದೀರ್ಘಕಾಲ ಭಾರ ಎತ್ತಿದ 140 ಗಂಡಸರನ್ನು ಪರೀಕ್ಷಿಸಿದರು. ಹೃದಯದ ಎಡ ಕೋಣೆ ತನ್ನಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರಹಾಕುವ ಪಾಲು, ಆಗ ಔಷಧ ತೆಗೆದುಕೊಳ್ಳುತ್ತಿದ್ದವರಲ್ಲಿ ಸರಾಸರಿ ಶೇ 49, ಸದ್ಯ ನಿಲ್ಲಿಸಿದ್ದವರಲ್ಲಿ ಶೇ 58, ಎಂದೂ ಮುಟ್ಟದವರಲ್ಲಿ ಶೇ 63 ಇತ್ತು. ಬಿಟ್ಟರೆ ಪಂಪಿನ ಶಕ್ತಿ ಸುಧಾರಿಸುತ್ತದೆ ಎಂದು ಇದನ್ನು ಓದಬಹುದು. ಹೃದಯದ ರಕ್ತನಾಳಗಳಲ್ಲಿ ಕಟ್ಟಿದ ಜಿಡ್ಡು ಮಾತ್ರ, ಜೀವಮಾನದಲ್ಲಿ ಒಟ್ಟು ಎಷ್ಟು ವರ್ಷ ಬಳಸಿದ್ದರೋ ಅದಕ್ಕೆ ತಕ್ಕಂತೆ ಹೆಚ್ಚಿತ್ತು. ಕೋರ್ಸ್ ನಿಲ್ಲಿಸಿದ ದಿನ ಅದು ಕರಗುವುದಿಲ್ಲ.

ಹೆಣ್ಣುಮಕ್ಕಳಲ್ಲಿ ಬಿಟ್ಟ ಮೇಲೆ ಎಲ್ಲ ಸರಿಹೋಗುತ್ತದೆಯೇ?

ಮುಟ್ಟಿನ ಏರುಪೇರು, ಮೊಡವೆ ಸಾಮಾನ್ಯವಾಗಿ ಸರಿಹೋಗುತ್ತವೆ. ದಪ್ಪವಾದ ಧ್ವನಿ ಹಿಂದಿರುಗುವುದಿಲ್ಲ, ಮುಖದ ಕೂದಲು ಮತ್ತು ಜನನಾಂಗದ ಬದಲಾವಣೆ ಬಹುಮಟ್ಟಿಗೆ ಉಳಿಯುತ್ತವೆ. ಇದಕ್ಕೆ ದೊಡ್ಡ ಸಾಕ್ಷಿ ಹಳೆಯ ಪೂರ್ವ ಜರ್ಮನಿ. 1974ರಿಂದ ಅಲ್ಲಿನ ಸರ್ಕಾರ ಸಾವಿರಾರು ಕ್ರೀಡಾಪಟುಗಳಿಗೆ, ಹದಿಹರೆಯದ ಹುಡುಗಿಯರಿಗೂ, ಓರಲ್ ಟುರಿನಾಬಾಲ್ ಮಾತ್ರೆಗಳನ್ನು ಯೋಜನಾಬದ್ಧವಾಗಿ ಕೊಡಿಸಿತು. ಎಷ್ಟೋ ಮಕ್ಕಳಿಗೆ ಅದು ವಿಟಮಿನ್ ಎಂದು ಹೇಳಲಾಗಿತ್ತು. ಪದಕಗಳ ಕಾಲ ಮುಗಿದು ದಶಕಗಳ ನಂತರವೂ ಆ ಹೆಂಗಸರು ಅದರ ಪರಿಣಾಮಗಳೊಂದಿಗೆ ಬದುಕುತ್ತಿದ್ದಾರೆ.

ನಾನೇನೂ ತೆಗೆದುಕೊಂಡಿಲ್ಲ, ಬರೀ ಸಪ್ಲಿಮೆಂಟ್. ಆದರೂ ಸಿಕ್ಕಿಬೀಳಬಹುದೇ?

ಸ್ಪರ್ಧೆಗೆ ಇಳಿಯುವವರಾದರೆ ಖಂಡಿತ. 2011ರಲ್ಲಿ ಭಾರತದ ಓಟಗಾರ್ತಿಯರು, ಕರ್ನಾಟಕದ ಒಬ್ಬರೂ ಸೇರಿ, ಮೆಥಾಂಡಿಯೆನೋನ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ ಕೋಚ್ ಕೊಟ್ಟ ಜಿನ್ಸೆಂಗ್‌ನಲ್ಲಿ ಅದು ಬೆರೆತಿತ್ತು ಎಂದು ವಾದಿಸಿದರು. ಮೊದಲು ಒಂದು ವರ್ಷ ವಿಧಿಸಿದ್ದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಎರಡು ವರ್ಷಕ್ಕೆ ಏರಿಸಿತು. ದೇಹದಲ್ಲಿ ಸಿಕ್ಕದ್ದಕ್ಕೆ ಕ್ರೀಡಾಪಟುವೇ ಹೊಣೆ ಎಂಬುದು ನಿಯಮ.

ವಿಡಿಯೊಗಳಲ್ಲಿ ಬರುವ ಒಬ್ಬರು ಐದು ವರ್ಷದ ಹಿಂದೆಯೇ ಬಿಟ್ಟೆ ಎನ್ನುತ್ತಾರೆ. ಮೈ ಹಾಗೆಯೇ ಇದೆಯಲ್ಲ?

ಪೂರ್ತಿ ಬಿಡದೆ ಕೋರ್ಸ್‌ಗಳ ನಡುವೆ ಕಡಿಮೆ ಪ್ರಮಾಣದಲ್ಲಿ ಮುಂದುವರಿಸುವುದನ್ನು ಅವರ ಭಾಷೆಯಲ್ಲಿ ಕ್ರೂಸ್ ಎನ್ನುತ್ತಾರೆ. ಸ್ವಂತ ಹಾರ್ಮೋನು ಮರಳದೆ ವೈದ್ಯರಿಂದ ಟೆಸ್ಟೋಸ್ಟೆರಾನ್ ಪಡೆಯುತ್ತಿರುವವರೂ ಬಿಟ್ಟೆ ಎಂದೇ ಹೇಳಿಕೊಳ್ಳುವುದುಂಟು. ಹುಟ್ಟಿನಿಂದಲೇ ದೊಡ್ಡ ಎಲುಬು, ತುಂಬಿದ ಸ್ನಾಯು ಪಡೆದವರೂ ಇದ್ದಾರೆ. ಯಾವುದು ನಿಜ ಎಂದು ವಿಡಿಯೊ ನೋಡಿ ಹೇಳಲಾಗದು.

ಒಂದು ಒರಟು ಅಳತೆಗೋಲು ಇದೆ. ಕೊಬ್ಬು ಬಿಟ್ಟ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿ. 1995ರ ಅಮೆರಿಕದ ಅಧ್ಯಯನವೊಂದರಲ್ಲಿ ಸ್ಟೀರಾಯ್ಡ್ ಬಳಸದ ದೇಹದಾರ್ಢ್ಯಪಟುಗಳು ಸುಮಾರು 25ರ ಆಸುಪಾಸಿನಲ್ಲೇ ನಿಂತರು. ಅದನ್ನು ದಾಟಿದ ಸಹಜ ದೇಹಗಳೂ ಅಪರೂಪಕ್ಕೆ ಇವೆ, ಹಾಗಾಗಿ ಇದರ ಆಧಾರದ ಮೇಲೆ ಯಾರನ್ನೂ ಕಳ್ಳನೆನ್ನಬೇಡಿ. 170 ಸೆಂಟಿಮೀಟರ್ ಎತ್ತರದವನಿಗೆ 25 ಎಂದರೆ ಕೊಬ್ಬು ಬಿಟ್ಟು 72 ಕಿಲೊ, ಕೊಬ್ಬು ಶೇ 10 ಇದ್ದರೆ ಒಟ್ಟು 80 ಕಿಲೊ. ಅದೇ ಎತ್ತರದಲ್ಲಿ, ಹೊಟ್ಟೆಯ ಪಟ್ಟಿಗಳೆಲ್ಲ ಎದ್ದು ಕಾಣುತ್ತಾ 95 ಕಿಲೊ ತೂಗುವವರು ಬಿಟ್ಟು ಐದು ವರ್ಷವಾಯಿತು ಎಂದರೆ, ಬಿಟ್ಟದ್ದು ಏನನ್ನು ಎಂದು ಕೇಳಬೇಕಾಗುತ್ತದೆ.